ನೆವಾಡಾದ ‘ಯಾರೂ ಅಲ್ಲ’ ಮತ: ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಮತದಾರರ ಅತೃಪ್ತಿಯನ್ನು ಅಳೆಯುವ ಪ್ರಶ್ನೆ

ಅಮೆರಿಕದ ನೆವಾಡಾ ರಾಜ್ಯದ ಮತಪತ್ರದಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳ ಹೆಸರುಗಳ ಜೊತೆಗೆ ‘ಈ ಅಭ್ಯರ್ಥಿಗಳಲ್ಲಿ ಯಾರೂ ಅಲ್ಲ’ ಎಂಬ ಸಾಲೊಂದು ಇರುತ್ತದೆ. ವಾಟರ್‌ಗೇಟ್ ಹಗರಣದಿಂದ ರಾಜಕಾರಣಿಗಳ ಮೇಲಿನ ನಂಬಿಕೆ ಕುಸಿದಿದ್ದ 1975ರಲ್ಲಿ ಅಲ್ಲಿನ ಶಾಸನಸಭೆ ಈ ಅವಕಾಶವನ್ನು ಕಾನೂನಿನಲ್ಲಿ ಸೇರಿಸಿತು. ರಾಜ್ಯವ್ಯಾಪಿ ಹುದ್ದೆಗಳಿಗೂ ಅಧ್ಯಕ್ಷ ಸ್ಥಾನಕ್ಕೂ ಇದು ಅನ್ವಯಿಸುತ್ತದೆ. ಬೇರಾವ ರಾಜ್ಯದಲ್ಲೂ ಇಂಥ ಏರ್ಪಾಡಿಲ್ಲ. ಈ ಮತಗಳನ್ನು ಎಣಿಸಿ ಪ್ರಕಟಿಸುತ್ತಾರೆ, ಆದರೆ ಫಲಿತಾಂಶದ ನಿರ್ಣಯಕ್ಕೆ ಹೆಸರಿರುವ ಅಭ್ಯರ್ಥಿಗಳ ಮತಗಳಷ್ಟೇ ಲೆಕ್ಕಕ್ಕೆ ಬರುತ್ತವೆ. ‘ಯಾರೂ ಅಲ್ಲ’ ಮೊದಲ ಸ್ಥಾನಕ್ಕೆ ಬಂದರೂ ಗೆಲುವು ಎರಡನೆಯವರದೇ. 1976ರಲ್ಲಿ ಪ್ರತಿನಿಧಿ ಸಭೆಯ ಸ್ಥಾನಕ್ಕೆ ನಡೆದ ರಿಪಬ್ಲಿಕನ್ ಪ್ರೈಮರಿಯಲ್ಲೂ, 2014ರಲ್ಲಿ ಗವರ್ನರ್ ಹುದ್ದೆಗೆ ನಡೆದ ಡೆಮಾಕ್ರಟಿಕ್ ಪ್ರೈಮರಿಯಲ್ಲೂ ಹಾಗೆಯೇ ಆಯಿತು.

2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ಈ ಸಾಲಿಗೆ 28,863 ಮತಗಳು, ಅಂದರೆ ಶೇ. 2.56ರಷ್ಟು ಬಿದ್ದವು. ಆ ರಾಜ್ಯದಲ್ಲಿ ಡೊನಾಲ್ಡ್ ಟ್ರಂಪ್ ಅವರ ಮೇಲೆ ಹಿಲರಿ ಕ್ಲಿಂಟನ್ ಪಡೆದ ಮುನ್ನಡೆ 27,202. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಎರಡು ತೀರ್ಮಾನಗಳನ್ನು ಸುಲಭವಾಗಿ ಹೇಳಿಬಿಡಬಹುದು. ಒಂದು, ‘ಯಾರೂ ಅಲ್ಲ’ ಮತವು ಮತದಾರರ ಅತೃಪ್ತಿಯ ನೇರ ಅಳತೆ. ಎರಡು, ಆ ಅತೃಪ್ತಿಯೇ ನೆವಾಡಾದ ಫಲಿತಾಂಶವನ್ನು ನಿರ್ಧರಿಸಿತು. ಎರಡನೆಯದು ಸರಳ ಲೆಕ್ಕದಲ್ಲೇ ಬಿದ್ದುಹೋಗುತ್ತದೆ. ಮೊದಲನೆಯದನ್ನು ಹೆಚ್ಚು ಎಚ್ಚರದಿಂದ ಪರಿಶೀಲಿಸಬೇಕಾಗುತ್ತದೆ. ಅತೃಪ್ತರ ಪೈಕಿ ಬೇರೆ ದಾರಿ ಹಿಡಿದವರೆಲ್ಲ ಹೋದ ಮೇಲೆ ಉಳಿದವರ ಸಂಖ್ಯೆಯೇ ಈ ಮತ, ಅದರ ಅರ್ಥ ತಿಳಿಯಬೇಕಾದರೆ ಅದೇ ಮತಪತ್ರದಲ್ಲಿರುವ ಸೆನೆಟ್ ಸ್ಪರ್ಧೆಯನ್ನು ಪಕ್ಕದಲ್ಲಿಟ್ಟು ನೋಡಬೇಕು ಎಂಬುದು ಈ ಲೇಖನದ ವಾದ.

ಪೂರ್ವ ಅಧ್ಯಯನಗಳು

ಇಬ್ಬರು ಅಭ್ಯರ್ಥಿಗಳೂ ಹಿಡಿಸದಾಗ ಮತದಾರ ಏನು ಮಾಡುತ್ತಾನೆ ಎಂಬ ಪ್ರಶ್ನೆಗೆ ಆಂಥನಿ ಡೌನ್ಸ್ 1957ರಲ್ಲಿ ಕೊಟ್ಟ ಉತ್ತರ ಇಂದಿಗೂ ಚರ್ಚೆಯ ಆರಂಭಬಿಂದು. ಎರಡು ಪಕ್ಷಗಳ ನಡುವೆ ತನಗೆ ಮುಖ್ಯವೆನಿಸುವ ವ್ಯತ್ಯಾಸ ಕಾಣದ ಮತದಾರ ಮನೆಯಲ್ಲೇ ಉಳಿಯುತ್ತಾನೆ ಎಂಬುದು ಅವರ ಮಾದರಿಯ ತಿರುಳು. 1968ರಲ್ಲಿ ವಿಲಿಯಂ ರೈಕರ್ ಮತ್ತು ಪೀಟರ್ ಆರ್ಡೆಶೂಕ್ ಇದಕ್ಕೆ ನಾಗರಿಕ ಕರ್ತವ್ಯದ ತೃಪ್ತಿಯನ್ನೂ ಸೇರಿಸಿದರು. 1968ರ ಅಧ್ಯಕ್ಷೀಯ ಚುನಾವಣೆಯನ್ನು ಆಧಾರವಾಗಿಟ್ಟುಕೊಂಡು ರಿಚರ್ಡ್ ಬ್ರೋಡಿ ಮತ್ತು ಬೆಂಜಮಿನ್ ಪೇಜ್ 1973ರಲ್ಲಿ ಉದಾಸೀನವನ್ನೂ ಪರಕೀಯತೆಯನ್ನೂ ಬೇರ್ಪಡಿಸಿದರು. ಇಬ್ಬರೂ ಒಂದೇ ಎನ್ನುವುದು ಉದಾಸೀನ, ಇಬ್ಬರೂ ತನ್ನವರಲ್ಲ ಎನ್ನುವುದು ಪರಕೀಯತೆ. ಇತ್ತೀಚೆಗೆ, 2016ರಲ್ಲಿ, ಅಲನ್ ಅಬ್ರಮೋವಿಟ್ಜ್ ಮತ್ತು ಸ್ಟೀವನ್ ವೆಬ್‌ಸ್ಟರ್ ನಕಾರಾತ್ಮಕ ಪಕ್ಷನಿಷ್ಠೆಯ ಏರಿಕೆಯನ್ನು ವಿವರಿಸಿದರು. ತನ್ನ ಪಕ್ಷದ ಮೇಲಿನ ಪ್ರೀತಿಗಿಂತ ಎದುರು ಪಕ್ಷದ ಮೇಲಿನ ದ್ವೇಷವೇ ಮತದಾರನನ್ನು ಮತಗಟ್ಟೆಗೆ ಕರೆತರುತ್ತದೆ ಎಂಬುದು ಅದರ ಸಾರ.

ಡೌನ್ಸ್ ಪರಂಪರೆಯ ಮಟ್ಟಿಗೆ ಅತೃಪ್ತಿಯ ಮುಖ್ಯ ಗುರುತು ಗೈರುಹಾಜರಿ. 2016ರ ಅನುಭವ ಇದಕ್ಕೆ ಒಗ್ಗುವುದಿಲ್ಲ. ಗ್ಯಾಲಪ್ ಸಂಸ್ಥೆಯ ಕೊನೆಯ ಸಮೀಕ್ಷೆಯಲ್ಲಿ ಟ್ರಂಪ್ ಬಗ್ಗೆ ಶೇ. 61ರಷ್ಟು, ಕ್ಲಿಂಟನ್ ಬಗ್ಗೆ ಶೇ. 52ರಷ್ಟು ಜನ ಪ್ರತಿಕೂಲ ಅಭಿಪ್ರಾಯ ಹೇಳಿದ್ದರು. ಇಬ್ಬರೂ ಇಷ್ಟು ಅಪ್ರಿಯರಾಗಿದ್ದ ಸ್ಪರ್ಧೆ ಆ ಸಂಸ್ಥೆಯ ದಾಖಲೆಗಳಲ್ಲಿ ಮತ್ತೊಂದಿರಲಿಲ್ಲ. ಆದರೂ ಅರ್ಹ ಮತದಾರರಲ್ಲಿ ಸುಮಾರು ಶೇ. 60ರಷ್ಟು ಮಂದಿ ಮತ ಹಾಕಿದರು, 2012ಕ್ಕಿಂತ ತುಸು ಹೆಚ್ಚೇ. ಹಾಗಾಗಿ ಅತೃಪ್ತರನ್ನು ಮತಗಟ್ಟೆಯ ಹೊರಗಲ್ಲ, ಒಳಗೆ ಹುಡುಕಬೇಕಾಗುತ್ತದೆ. ನೆವಾಡಾದ ಮತಪತ್ರಕ್ಕೆ ಬೆಲೆ ಬರುವುದು ಇಲ್ಲಿಯೇ.

ಅಧ್ಯಕ್ಷೀಯ ಅಂಕಿಗಳು

1976ರ ಮೊದಲ ಅಧ್ಯಕ್ಷೀಯ ಚುನಾವಣೆಯಲ್ಲಿ ‘ಯಾರೂ ಅಲ್ಲ’ ಸಾಲು ಶೇ. 2.53ರಷ್ಟು ಮತ ಪಡೆಯಿತು. ಹೊಸ ಸೌಲಭ್ಯದ ಕುತೂಹಲವೂ ಇದರಲ್ಲಿ ಬೆರೆತಿರಬಹುದು. 1980ರಲ್ಲಿ ಶೇ. 1.69ಕ್ಕೂ 1984ರಲ್ಲಿ ಶೇ. 1.38ಕ್ಕೂ ಇಳಿದ ಪ್ರಮಾಣ, ಜಾರ್ಜ್ ಬುಷ್ ಮತ್ತು ಮೈಕಲ್ ಡುಕಾಕಿಸ್ ಎದುರಾದ 1988ರಲ್ಲಿ ಶೇ. 1.98ಕ್ಕೆ ಏರಿತು. 1992ರಲ್ಲಿ ಶೇ. 0.50ಕ್ಕೆ ಕುಸಿಯಿತು. 1996ರಲ್ಲಿ ಶೇ. 1.21 ಇದ್ದದ್ದು 2000ದಿಂದ 2012ರವರೆಗಿನ ನಾಲ್ಕು ಚುನಾವಣೆಗಳಲ್ಲಿ ಶೇ. 0.44 ಮತ್ತು ಶೇ. 0.65ರ ನಡುವೆಯೇ ಇತ್ತು. 2016ರ ಶೇ. 2.56 ಈವರೆಗಿನ ಗರಿಷ್ಠ. 2020ರಲ್ಲಿ ಶೇ. 1.00, 2024ರಲ್ಲಿ ಶೇ. 1.32.

ಈ ಸಾಲನ್ನು ಅತೃಪ್ತಿಯ ನೇರ ಮಾಪಕವೆಂದು ಒಪ್ಪಿದರೆ 1992ರಲ್ಲಿ ನೆವಾಡಾದ ಜನ ಬಹು ಸಂತುಷ್ಟರಾಗಿದ್ದರು ಎನ್ನಬೇಕಾಗುತ್ತದೆ. ವಾಸ್ತವ ಬೇರೆ. ಆ ವರ್ಷ ಎರಡೂ ಪಕ್ಷಗಳನ್ನು ಧಿಕ್ಕರಿಸಿ ನಿಂತ ರಾಸ್ ಪೆರೋ ನೆವಾಡಾದಲ್ಲಿ ಶೇ. 26ಕ್ಕೂ ಹೆಚ್ಚು ಮತ ಗಳಿಸಿದರು. ಇಬ್ಬರ ಮೇಲೂ ಮುನಿದವರಿಗೆ ಹೆಸರಿರುವ ಒಬ್ಬ ಅಭ್ಯರ್ಥಿ ಸಿಕ್ಕಾಗ ಹೆಸರಿಲ್ಲದ ಸಾಲು ಬರಿದಾಯಿತು. ಅಂದರೆ ಅತೃಪ್ತಿ ಹೆಚ್ಚಿದ್ದ ವರ್ಷದಲ್ಲೇ ಅದರ ಮಾಪಕ ಕೆಳಗಿಳಿದಿತ್ತು.

ಸೆನೆಟ್ ಸ್ಪರ್ಧೆಯ ಹೋಲಿಕೆ

ಈ ವಿವರಣೆಗೆ ಒಂದು ಆಕ್ಷೇಪ ಸಹಜ. ‘ಯಾರೂ ಅಲ್ಲ’ ಮತ ಹಾಕುವವರೆಲ್ಲ ಮುನಿದವರಲ್ಲ. ಅಭ್ಯರ್ಥಿಗಳ ಪರಿಚಯವಿಲ್ಲದೆ ಆ ಸಾಲನ್ನು ಗುರುತಿಸುವವರೂ ಇದ್ದಾರೆ. ಹಾಗಿದ್ದರೆ ಏರಿಳಿತಕ್ಕೆ ಮಾಹಿತಿಯ ಕೊರತೆಯೇ ಕಾರಣವಾಗಿರಬಾರದೇಕೆ? ಇದನ್ನು ಪರೀಕ್ಷಿಸಲು ಒಂದು ದಾರಿಯಿದೆ. ಅದೇ ದಿನ, ಅದೇ ಮತಪತ್ರದಲ್ಲಿ, ಬಹುಮಟ್ಟಿಗೆ ಅದೇ ಮತದಾರರು ಸೆನೆಟ್ ಸ್ಥಾನಕ್ಕೂ ಮತ ಹಾಕುತ್ತಾರೆ, ಅಲ್ಲಿಯೂ ‘ಯಾರೂ ಅಲ್ಲ’ ಸಾಲು ಇದೆ. ಸೆನೆಟ್ ಅಭ್ಯರ್ಥಿಗಳು ಅಧ್ಯಕ್ಷೀಯ ಅಭ್ಯರ್ಥಿಗಳಷ್ಟು ಪರಿಚಿತರಲ್ಲವಾದ್ದರಿಂದ ಮಾಹಿತಿಯ ಕೊರತೆಯಿಂದ ಹುಟ್ಟುವ ಮತ ಅಲ್ಲಿ ಹೆಚ್ಚಿರಬೇಕು. ಎರಡರ ಅನುಪಾತ ಬದಲಾದರೆ ಅದಕ್ಕೆ ಅಧ್ಯಕ್ಷೀಯ ಸ್ಪರ್ಧೆಯಲ್ಲೇ ಕಾರಣ ಹುಡುಕಬೇಕಾಗುತ್ತದೆ.

2012ರಲ್ಲಿ ಸೆನೆಟ್ ಸ್ಪರ್ಧೆಯಲ್ಲಿ ‘ಯಾರೂ ಅಲ್ಲ’ ಎಂದವರು 45 ಸಾವಿರಕ್ಕೂ ಹೆಚ್ಚು, ಅಧ್ಯಕ್ಷ ಸ್ಥಾನದ ಸ್ಪರ್ಧೆಯಲ್ಲಿ 5,770. ಹತ್ತಿರ ಹತ್ತಿರ ಎಂಟು ಪಟ್ಟಿನ ಅಂತರ. 2000 ಮತ್ತು 2004ರಲ್ಲಿ ಸೆನೆಟ್ ಪ್ರಮಾಣ ಸುಮಾರು ಮೂರೂವರೆ ಪಟ್ಟು ಇತ್ತು. 1992ರಲ್ಲಿ ಐದು ಪಟ್ಟು: ಪೆರೋ ಇಲ್ಲದ ಸೆನೆಟ್ ಕಣದಲ್ಲಿ ‘ಯಾರೂ ಅಲ್ಲ’ ಶೇ. 2.6ರ ಆಸುಪಾಸಿನಲ್ಲಿತ್ತು, ಪೆರೋ ಇದ್ದ ಕಣದಲ್ಲಿ ಮಾತ್ರ ಅದು ಕರಗಿತು. 2016ಕ್ಕೆ ಬಂದರೆ ಚಿತ್ರ ತಲೆಕೆಳಗಾಗುತ್ತದೆ. ಸೆನೆಟ್ ಸ್ಪರ್ಧೆಯಲ್ಲಿ ಈ ಮತಗಳು 42 ಸಾವಿರದಷ್ಟಕ್ಕೆ ಇಳಿದವು, ಅಧ್ಯಕ್ಷೀಯ ಸ್ಪರ್ಧೆಯಲ್ಲಿ ಐದು ಪಟ್ಟು ಏರಿದವು. ಅನುಪಾತ ಎಂಟರಿಂದ ಒಂದೂವರೆಗೆ ಇಳಿಯಿತು. ಮಾಹಿತಿಯ ಕೊರತೆ ಇದನ್ನು ವಿವರಿಸಲಾರದು. ಅಮೆರಿಕದಲ್ಲಿ ಕ್ಲಿಂಟನ್ ಮತ್ತು ಟ್ರಂಪ್ ಅವರಷ್ಟು ಪರಿಚಿತ ಹೆಸರುಗಳು ಆ ವರ್ಷ ಬೇರೆ ಇರಲಿಲ್ಲ. ಗಣನೀಯ ಮೂರನೆಯ ಅಭ್ಯರ್ಥಿ ಇಲ್ಲದ 1988ರಲ್ಲಂತೂ ಎರಡೂ ಸ್ಪರ್ಧೆಗಳ ‘ಯಾರೂ ಅಲ್ಲ’ ಪ್ರಮಾಣ ಶೇ. 2ರ ಆಚೀಚೆ ಸರಿಸಮವಾಗಿತ್ತು. 2024ರಲ್ಲಿ ಅನುಪಾತ ಎರಡೂಕಾಲಿನಷ್ಟು.

ಇದರಿಂದ ಹೊರಡುವ ಪ್ರತಿಪಾದನೆ ಹೀಗಿದೆ: ಅಧ್ಯಕ್ಷೀಯ ಸ್ಪರ್ಧೆಯಲ್ಲಿ ‘ಯಾರೂ ಅಲ್ಲ’ ಮತವು ಅತೃಪ್ತಿಯ ಪ್ರಮಾಣಕ್ಕಿಂತ ಹೆಚ್ಚಾಗಿ ಅತೃಪ್ತಿಗೆ ಬೇರೆ ದಾರಿ ಎಷ್ಟು ಮುಚ್ಚಿದೆ ಎಂಬುದನ್ನು ಸೂಚಿಸುತ್ತದೆ. ನೆವಾಡಾದಲ್ಲಿ ಪಟ್ಟಿಯಲ್ಲಿಲ್ಲದವರ ಹೆಸರು ಬರೆದು ಮತ ಹಾಕಲು ಅವಕಾಶವಿಲ್ಲ. 2016ರಲ್ಲಿ ಗ್ರೀನ್ ಪಕ್ಷದ ಜಿಲ್ ಸ್ಟೈನ್ ಅವರ ಹೆಸರು ಅಲ್ಲಿನ ಮತಪತ್ರದಲ್ಲಿರಲಿಲ್ಲ. 2024ರಲ್ಲಿ ರಾಬರ್ಟ್ ಎಫ್. ಕೆನಡಿ ಜೂನಿಯರ್ ಕಣದಿಂದ ಹಿಂದೆ ಸರಿದಿದ್ದರು, ಗ್ರೀನ್ ಪಕ್ಷವನ್ನು ರಾಜ್ಯದ ಸುಪ್ರೀಂ ಕೋರ್ಟ್ ಮತಪತ್ರದಿಂದ ಹೊರಗಿಟ್ಟಿತ್ತು.

ಪ್ರತಿಪಾದನೆಯ ಮಿತಿಗಳನ್ನೂ ಹೇಳಬೇಕು. ಮೊದಲನೆಯದಾಗಿ, ಸೆನೆಟ್ ಸ್ಪರ್ಧೆ ತಟಸ್ಥ ಅಳತೆಗೋಲಲ್ಲ. 2012ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಶೆಲ್ಲಿ ಬರ್ಕ್‌ಲಿ ಅವರ ಮೇಲೆ ಪ್ರತಿನಿಧಿ ಸಭೆಯ ನೈತಿಕತಾ ಸಮಿತಿಯ ತನಿಖೆ ನಡೆದಿತ್ತು, ಆ ಸ್ಪರ್ಧೆಯ ‘ಯಾರೂ ಅಲ್ಲ’ ಮತದಲ್ಲೂ ಅತೃಪ್ತಿಯ ಪಾಲು ಇದ್ದಿರಬಹುದು. ಎಂಟು ಪಟ್ಟಿನ ಅಂತರವನ್ನು ಆದ್ದರಿಂದ ಸ್ವಲ್ಪ ಕಡಿಮೆ ಮಾಡಿಯೇ ಓದಬೇಕು. ಎರಡನೆಯದಾಗಿ, 1996, 2008 ಮತ್ತು 2020ರಲ್ಲಿ ನೆವಾಡಾದಲ್ಲಿ ಸೆನೆಟ್ ಸ್ಪರ್ಧೆಯೇ ಇರಲಿಲ್ಲ, ಹೋಲಿಕೆಯ ಸರಣಿ ಅಲ್ಲಿ ತುಂಡಾಗುತ್ತದೆ. ಮೂರನೆಯದಾಗಿ, 1996 ಈ ವಾದಕ್ಕೆ ಪೂರ್ತಿ ಹೊಂದುವುದಿಲ್ಲ. ಪೆರೋ ಮತ್ತೆ ಕಣದಲ್ಲಿದ್ದು ರಾಜ್ಯದಲ್ಲಿ ಶೇ. 9.5ರಷ್ಟು ಮತ ಪಡೆದರೂ ‘ಯಾರೂ ಅಲ್ಲ’ ಶೇ. 1.21ಕ್ಕೆ ಏರಿತ್ತು. ಎರಡನೆಯ ಸಲ ನಿಂತ ಹೊತ್ತಿಗೆ ಪೆರೋ ಕೂಡ ಜನ ಬೇಡವೆನ್ನುವ ಪಟ್ಟಿಗೆ ಸೇರಿದ್ದರು ಎಂದು ಊಹಿಸಬಹುದು, ಆದರೆ ಅದು ಊಹೆಯಷ್ಟೇ. ಕೊನೆಯದಾಗಿ, 2016ರಲ್ಲಿ ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್ ಶೇ. 3.3ರಷ್ಟು ಮತ ಪಡೆದಿದ್ದರು. ದಾರಿಗಳು ಸಂಪೂರ್ಣ ಮುಚ್ಚಿರಲಿಲ್ಲ. ಅತೃಪ್ತಿಯೂ ನಿಜಕ್ಕೂ ಏರಿತ್ತು, ದಾರಿಗಳೂ ಕಿರಿದಾಗಿದ್ದವು. ಎರಡರ ಪಾಲನ್ನು ರಾಜ್ಯಮಟ್ಟದ ಅಂಕಿಗಳಿಂದ ಬೇರ್ಪಡಿಸಲು ಸಾಧ್ಯವಿಲ್ಲ.

ಅತೃಪ್ತರಲ್ಲಿ ಬಹುಪಾಲು ಜನ ಎಲ್ಲಿಗೆ ಹೋದರು?

2016ರ ರಾಷ್ಟ್ರೀಯ ಮತಗಟ್ಟೆ ಸಮೀಕ್ಷೆಯ ಪ್ರಕಾರ ಮತ ಹಾಕಿದವರಲ್ಲಿ ಸುಮಾರು ಶೇ. 18ರಷ್ಟು ಮಂದಿಗೆ ಇಬ್ಬರೂ ಇಷ್ಟವಿರಲಿಲ್ಲ. ಅವರಲ್ಲಿ ಸುಮಾರು ಶೇ. 47 ಟ್ರಂಪ್‌ಗೆ, ಶೇ. 30 ಕ್ಲಿಂಟನ್‌ಗೆ ಮತ ಕೊಟ್ಟರು. ಇಬ್ಬರನ್ನೂ ಬಿಟ್ಟವರು ಆ ಗುಂಪಿನ ನಾಲ್ಕನೆಯ ಒಂದು ಭಾಗಕ್ಕಿಂತ ಕಡಿಮೆ, ಒಟ್ಟು ಮತದಾರರಲ್ಲಿ ಶೇ. 4ರ ಆಸುಪಾಸು. ಸಮೀಕ್ಷೆ ಇಡೀ ದೇಶದ್ದಾದ್ದರಿಂದ ಅದನ್ನು ನೆವಾಡಾಕ್ಕೆ ನೇರವಾಗಿ ಹೊರಿಸಲಾಗದು. ಆದರೂ ಪ್ರಮಾಣದ ಅಂದಾಜು ಸಿಗುತ್ತದೆ: ಮುನಿದವರಲ್ಲಿ ಹೆಚ್ಚಿನವರು ಮುನಿಸಿಕೊಂಡೇ ಇಬ್ಬರಲ್ಲೊಬ್ಬರನ್ನು ಆರಿಸಿದರು. ಅಬ್ರಮೋವಿಟ್ಜ್ ಮತ್ತು ವೆಬ್‌ಸ್ಟರ್ ಅವರ ವಾದ ಈ ಭಾಗಕ್ಕೆ ಚೆನ್ನಾಗಿ ಅನ್ವಯಿಸುತ್ತದೆ. ‘ಯಾರೂ ಅಲ್ಲ’ ಎಂದವರು, ಇಬ್ಬರಲ್ಲಿ ಯಾರು ಗೆದ್ದರೆ ಹೆಚ್ಚು ಕೆಡುಕು ಎಂಬ ಭಯವೂ ಕೆಲಸ ಮಾಡದ ಸಣ್ಣ ಗುಂಪು.

ಇನ್ನು ಫಲಿತಾಂಶ ಬದಲಾಯಿಸುವ ಮಾತು. 28,863 ಮಂದಿಯೂ ಇಬ್ಬರಲ್ಲೊಬ್ಬರಿಗೇ ಮತ ಕೊಟ್ಟಿದ್ದರು ಎಂದುಕೊಂಡರೂ ಟ್ರಂಪ್ ಗೆಲ್ಲಲು ಅವರಲ್ಲಿ 28,033 ಮಂದಿ, ಅಂದರೆ ಶೇ. 97ಕ್ಕೂ ಹೆಚ್ಚು ಜನ ಅವರ ಕಡೆಗೇ ಬರಬೇಕಿತ್ತು. ಇಬ್ಬರನ್ನೂ ಒಲ್ಲದ ಗುಂಪಿನಲ್ಲಿ ಇಂಥ ಒಮ್ಮತವನ್ನು ನಿರೀಕ್ಷಿಸಲು ಆಧಾರವಿಲ್ಲ. ಮಿಷಿಗನ್‌ನ ಲೆಕ್ಕ ಬೇರೆ ತರದ್ದು. ಟ್ರಂಪ್ 10,704 ಮತಗಳಿಂದ ಗೆದ್ದ ಆ ರಾಜ್ಯದಲ್ಲಿ 75 ಸಾವಿರಕ್ಕೂ ಹೆಚ್ಚು ಮತಪತ್ರಗಳಲ್ಲಿ ಅಧ್ಯಕ್ಷೀಯ ಮತ ದಾಖಲಾಗಿರಲಿಲ್ಲ. ಅಲ್ಲಿ ಉಳಿದ ಖಾಲಿ ಜಾಗ ಮುನಿಸಿನದೋ ಮರೆವಿನದೋ ಯಂತ್ರದ ದೋಷದ್ದೋ ಹೇಳಲಾಗದು. ನೆವಾಡಾದ ಸಾಲು ಈ ಅಸ್ಪಷ್ಟತೆಯನ್ನು ಕಡಿಮೆ ಮಾಡುತ್ತದೆ, ಆದರೆ ಅಲ್ಲಿಯೂ ಜಾಗ ಖಾಲಿ ಬಿಡಲು ಅಡ್ಡಿಯಿಲ್ಲದ್ದರಿಂದ ಪೂರ್ತಿ ನಿವಾರಿಸುವುದಿಲ್ಲ.

ನಿಷ್ಠೆಯ ಮತವಾಗಿ ‘ಯಾರೂ ಅಲ್ಲ’

2024ರ ಫೆಬ್ರವರಿಯ ರಿಪಬ್ಲಿಕನ್ ಪ್ರೈಮರಿ ಅತೃಪ್ತಿಯ ಮಾಪಕವೆಂಬ ಓದನ್ನು ಇನ್ನಷ್ಟು ಸಡಿಲಗೊಳಿಸುತ್ತದೆ. ಪಕ್ಷ ಪ್ರತ್ಯೇಕವಾಗಿ ನಡೆಸಿದ ಕಾಕಸ್‌ನಲ್ಲಿ ಸ್ಪರ್ಧಿಸಿದ್ದ ಟ್ರಂಪ್ ಅವರ ಹೆಸರು ಪ್ರೈಮರಿಯಲ್ಲಿರಲಿಲ್ಲ. ರಾಜ್ಯದ ಗವರ್ನರ್ ಜೋ ಲೊಂಬಾರ್ಡೊ ಪ್ರೈಮರಿಯಲ್ಲಿ ತಾವು ‘ಯಾರೂ ಅಲ್ಲ’ ಎಂದು ಗುರುತು ಹಾಕುವುದಾಗಿ ಮುಂಚೆಯೇ ಹೇಳಿದ್ದರು. ಆ ಸಾಲಿಗೆ ಶೇ. 63ರಷ್ಟು, ನಿಕ್ಕಿ ಹೇಲಿ ಅವರಿಗೆ ಶೇ. 30ರಷ್ಟು ಮತ ಬಂದವು. ಇಲ್ಲಿ ಮತ ಹಾಕಿದ ಬಹುತೇಕರಿಗೆ ನಾಯಕ ಯಾರೆಂಬುದರಲ್ಲಿ ಸಂದೇಹವಿರಲಿಲ್ಲ. ಒಂದೇ ಸಾಲು ನವೆಂಬರ್‌ನಲ್ಲಿ ನಿರಾಕರಣೆಯ, ಫೆಬ್ರವರಿಯಲ್ಲಿ ನಿಷ್ಠೆಯ ಸಾಧನವಾಗಬಲ್ಲುದು.

ಭಾರತದ ನೋಟಾ ಚರ್ಚೆಗೂ ಇದರ ನಂಟಿದೆ. 2013ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ನೀಡಿದ ಪಿಯುಸಿಎಲ್ ತೀರ್ಪು ನಕಾರಾತ್ಮಕ ಮತಕ್ಕೆ ಅವಕಾಶವಿರುವ ಕಡೆಗಳನ್ನು ಪಟ್ಟಿ ಮಾಡುವಾಗ ನೆವಾಡಾವನ್ನೂ ಹೆಸರಿಸಿತ್ತು. ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ನೋಟಾ ಮೊದಲು ಕಾಣಿಸಿದ 2018ರಲ್ಲಿ ಅದರ ಪಾಲು ಸುಮಾರು ಶೇ. 0.9. ನೋಟಾ ಅಂಕಿಗಳ ವ್ಯಾಖ್ಯಾನದಲ್ಲೂ ಆಯಾ ಕ್ಷೇತ್ರದಲ್ಲಿ ಪಕ್ಷೇತರರೂ ಸಣ್ಣ ಪಕ್ಷಗಳೂ ಎಷ್ಟಿದ್ದವೆಂಬುದನ್ನು ಜೊತೆಗಿಟ್ಟು ನೋಡುವುದು ಅಗತ್ಯ. ಭಾರತದ ಕಣಗಳಲ್ಲಿ ಅಭ್ಯರ್ಥಿಗಳ ಸಂಖ್ಯೆ ಸಾಮಾನ್ಯವಾಗಿ ಹೆಚ್ಚಿರುವುದರಿಂದ ಈ ಎಚ್ಚರಿಕೆ ಇನ್ನೂ ಮುಖ್ಯ.

ಉಪಸಂಹಾರ

ಮೇಲಿನ ಚರ್ಚೆಯಿಂದ ಮೂರು ಅಂಶಗಳು ನಿಲ್ಲುತ್ತವೆ. ಅಪ್ರಿಯ ಅಭ್ಯರ್ಥಿಗಳ ನಡುವೆ ಸಿಲುಕಿದ ಮತದಾರರು ಹೆಚ್ಚಾಗಿ ಮನೆಯಲ್ಲಿ ಉಳಿಯುವುದಿಲ್ಲ, ಇಬ್ಬರಲ್ಲೊಬ್ಬರನ್ನು ಸಹಿಸಿಕೊಳ್ಳುತ್ತಾರೆ. ನೆವಾಡಾದ ‘ಯಾರೂ ಅಲ್ಲ’ ಮತ ಅತೃಪ್ತಿಯ ಒಂದು ತುಣುಕನ್ನಷ್ಟೇ ಹಿಡಿಯುತ್ತದೆ, ಆ ತುಣುಕಿನ ಗಾತ್ರ ಪರ್ಯಾಯಗಳ ಲಭ್ಯತೆಯನ್ನು ಅವಲಂಬಿಸಿದೆ. 2016ರ ಏರಿಕೆಗೆ ಮಾಹಿತಿಯ ಕೊರತೆ ಕಾರಣವಲ್ಲ ಎಂಬುದನ್ನು ಸೆನೆಟ್ ಹೋಲಿಕೆ ಬಲವಾಗಿ ಸೂಚಿಸುತ್ತದೆ. ಆ ಸಾಲು ಇಲ್ಲದಿದ್ದರೆ ಈ ಮತದಾರರು ಮತಪತ್ರವನ್ನು ಖಾಲಿ ಬಿಡುತ್ತಿದ್ದರೇ, ಸಣ್ಣ ಪಕ್ಷಗಳತ್ತ ಹೋಗುತ್ತಿದ್ದರೇ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಅದಕ್ಕೆ ಮತಗಟ್ಟೆವಾರು ಫಲಿತಾಂಶಗಳ ಅಧ್ಯಯನವೂ, ‘ಯಾರೂ ಅಲ್ಲ’ ಎಂದು ಗುರುತು ಹಾಕಿದವರನ್ನೇ ಮಾತನಾಡಿಸುವ ಸಮೀಕ್ಷೆಯೂ ಬೇಕು.