ಟೈರ್ ಅಳತೆ (ಕಾಂಪ್ಯಾಕ್ಟ್ ಎಸ್‌ಯುವಿ)

ಟೈರಿನ ಅಗಲ, ಎತ್ತರ ಮತ್ತು ಅದು ಕೂರುವ ರಿಮ್ಮಿನ ವ್ಯಾಸವನ್ನು ತಿಳಿಸುವ ಗುರುತು. ಮಾರುತಿ ಬ್ರೆಝಾದಲ್ಲಿ ಬಳಕೆಯಲ್ಲಿರುವ 215/60 ಆರ್16 ಎಂಬುದರಲ್ಲಿ 215 ಮಿಲಿಮೀಟರ್ ಅಗಲವನ್ನೂ, 60 ಆ ಅಗಲದ ಶೇಕಡಾ ಲೆಕ್ಕದಲ್ಲಿ ಪಕ್ಕದ ಗೋಡೆಯ ಎತ್ತರವನ್ನೂ, ‘ಆರ್’ ರೇಡಿಯಲ್ ರಚನೆಯನ್ನೂ, 16 ಅಂಗುಲಗಳಲ್ಲಿ ರಿಮ್ಮಿನ ವ್ಯಾಸವನ್ನೂ ಸೂಚಿಸುತ್ತವೆ. ಇದರ ಬದಲು 215/55 ಆರ್17 ಅಳವಡಿಸಿದರೆ ಹೊರವ್ಯಾಸ ಸುಮಾರು 664ರಿಂದ 668 ಮಿಲಿಮೀಟರಿಗಷ್ಟೇ ಏರುವುದರಿಂದ ಸ್ಪೀಡೋಮೀಟರಿನ ಲೆಕ್ಕ ಹೆಚ್ಚು ತಪ್ಪದಿದ್ದರೂ, ಪಕ್ಕದ ಗೋಡೆ ಗಿಡ್ಡವಾಗಿ ಗುಂಡಿಗಳ ಪೆಟ್ಟು ರಿಮ್ಮಿಗೆ ತಗಲುವ ಸಂಭವ ಹೆಚ್ಚುತ್ತದೆ. ರಾಷ್ಟ್ರೀಯ ಹೆದ್ದಾರಿ 48ರ ವೇಗದ ಓಟವೂ ಭದ್ರಾ ಅಚ್ಚುಕಟ್ಟಿನ ಮಳೆಗಾಲದ ಕೆಸರುದಾರಿಗಳೂ ಕೂಡಿರುವ ದಾವಣಗೆರೆ, ಹರಿಹರಗಳಲ್ಲಿ ತಯಾರಕರು ನಿಗದಿಪಡಿಸಿದ ಅಳತೆಯೇ ಸೂಕ್ತ. ಬದಲಿ ಟೈರಿನ ಭಾರಸೂಚಿ, ವೇಗಸೂಚಿಗಳು ಮೂಲ ಟೈರಿಗಿಂತ ಕಡಿಮೆಯಿರಬಾರದು. ನೆಲಕ್ಕೆ ತಾಗುವ ಭಾಗದ ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿಯುವ ಮೊದಲೇ ಟೈರ್ ಬದಲಿಸಬೇಕು.