ಬಿಡಿಭಾಗ ಆರಿಸೋ ಸ್ವಾತಂತ್ರ್ಯ ಎಲ್ಲಿಂದ ಬಂತು?

ಸಿರುಗುಪ್ಪದಲ್ಲೋ ಕುರುಗೋಡಿನಲ್ಲೋ ಕೂತು, ಮೊಬೈಲಲ್ಲಿ ಬೆಲೆ ನೋಡ್ತಾ ಮೊದಲ ಡೆಸ್ಕ್‌ಟಾಪ್ ಜೋಡಿಸೋಕೆ ಹೊರಟಿದ್ದೀರಾ? ಒಂದು ಕಂಪನಿಯ ಪ್ರೊಸೆಸರ್, ಇನ್ನೊಂದರ ಮದರ್‌ಬೋರ್ಡ್ ಕೂಡುವುದರ ಹಿಂದೆ ಒಂದು ಚರಿತ್ರೆಯಿದೆ.

1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಬಹುಪಾಲು ಹೊರಗಿನ ಕಂಪನಿಗಳ ಬಿಡಿಭಾಗಗಳಿಂದ ಕಟ್ಟಿತು, ಒಳವಿವರಗಳನ್ನೂ ಪ್ರಕಟಿಸಿತು. ಬೇರೆಯವರು ಅದಕ್ಕೆ ಹೊಂದುವ ಕಾರ್ಡು, ಯಂತ್ರಗಳನ್ನು ಮಾಡತೊಡಗಿದರು. 1995ರಲ್ಲಿ ಇಂಟೆಲ್‌ನ ಎಟಿಎಕ್ಸ್ ಮಾನದಂಡ ಬಂದು, ಬೋರ್ಡಿನ ಅಳತೆ, ಸ್ಕ್ರೂ ತೂತು, ವಿದ್ಯುತ್ ಕನೆಕ್ಟರ್ ಒಂದು ಲೆಕ್ಕಕ್ಕೆ ಬಂದವು.

ನಮ್ಮಲ್ಲಿ 1984ರ ಹೊಸ ಕಂಪ್ಯೂಟರ್ ನೀತಿ ಆಮದಿನ ಬಿಗಿ ಸಡಿಲಿಸಿತು. 1997ರ ಮಾಹಿತಿ ತಂತ್ರಜ್ಞಾನ ಒಪ್ಪಂದದ ನಂತರ ಸುಂಕವೂ ಹಂತಹಂತವಾಗಿ ಇಳಿಯಿತು. ಬೆಂಗಳೂರಿನ ಎಸ್‌.ಪಿ. ರಸ್ತೆ ಬಿಡಿಭಾಗಗಳ ಸಂತೆಯೇ ಆಯಿತು.

ಮಾನದಂಡ ಭಾಗಗಳನ್ನು ಕೂಡಿಸುತ್ತೆ, ಬಿಸಿಲನ್ನು ತಡೆಯಲ್ಲ. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತೆ. ಹಾಗಾಗಿ ನಾನು ಹೇಳೋದಿಷ್ಟು: ಮೊದಲು ಪ್ರೊಸೆಸರ್, ಅದರ ಸಾಕೆಟ್ಟಿಗೆ ಹೊಂದುವ ಬೋರ್ಡ್, ಆ ಬೋರ್ಡ್ ಒಪ್ಪುವ ರ‍್ಯಾಮ್, ಗಾಳಿಯಾಡುವ ಕ್ಯಾಬಿನೆಟ್. ದುಡ್ಡು ಸಾಲದಿದ್ದರೆ ಒಳಗೇ ಗ್ರಾಫಿಕ್ಸ್ ಇರೋ ಪ್ರೊಸೆಸರ್ ತಗೊಂಡು, ಕಾರ್ಡ್ ಆಮೇಲೆ ಹಾಕಿ. ಎಸ್‌ಎಂಪಿಎಸ್‌ನಲ್ಲಿ ಮಾತ್ರ ಜಿಪುಣತನ ಬೇಡ. ಕಳಪೆಯದು ಸುಟ್ಟರೆ ಬೋರ್ಡನ್ನೂ ಜೊತೆಗೆ ಕರ್ಕೊಂಡು ಹೋಗಬಹುದು.

ಕೆಟ್ಟದ್ದನ್ನಷ್ಟೇ ಬದಲಿಸಿ ಉಳಿದದ್ದನ್ನು ಓಡಿಸೋ ಸೌಲಭ್ಯ ಇದೆಯಲ್ಲ, ನಮ್ಮಂಥ ಸಣ್ಣ ಜೇಬಿನವರಿಗೆ ಈ ಚರಿತ್ರೆಯಿಂದ ಸಿಕ್ಕ ಲಾಭ ಅದೇ.