ಎರಡು ಗೆರೆಯ ಗಜ: ನಮ್ಮ ಸೀಮೆಯ ಕೋವಿ ಮತ್ತು ಹಗುರ ಈಡಿನ ಕಥೆ

ಚುನಾವಣೆ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಂದ ಕೋವಿಗಳು ಠಾಣೆಯತ್ತ ಹೊರಡುತ್ತವೆ. ಗೋಣಿಚೀಲದಲ್ಲಿ ಸುತ್ತಿಕೊಂಡು, ಬೈಕಿನ ಹಿಂದೆ ಅಡ್ಡ ಹಿಡಿದುಕೊಂಡು ಬರುವವರೆಲ್ಲ ಅಡಿಕೆ ತೋಟದವರೇ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಇದನ್ನೇ ವರದಿ ಮಾಡಲು ನಾವು ಒಂದು ಠಾಣೆಗೆ ಹೋಗಿದ್ದೆವು. ಮಾರ್ಚ್ 16ಕ್ಕೆ ಘೋಷಣೆ, ಮೇ 7ಕ್ಕೆ ನಮ್ಮಲ್ಲಿ ಮತದಾನ, ಜೂನ್ 4ಕ್ಕೆ ಎಣಿಕೆ. ಮಂಗಗಳು ಎಳೆ ಅಡಿಕೆ ಉದುರಿಸುವುದೂ ಇದೇ ತಿಂಗಳುಗಳಲ್ಲಿ. ಸಾಲಿನಲ್ಲಿದ್ದವರ ಬೇಸರ ಅದೇ ಆಗಿತ್ತು. ಸುದ್ದಿಯೂ ಅದೇ ಆಯಿತು.

ಆದರೆ ನಮ್ಮ ಕಣ್ಣಿಗೆ ಬಿದ್ದದ್ದು ಒಂದು ಕೇಪಿನ ಕೋವಿಯ ಗಜ. ನಳಿಗೆಯೊಳಗೆ ಮದ್ದು ದಮ್ಮಸು ಮಾಡುವ ಸಲಾಕೆ ಅದು. ಅದರ ಮೇಲೆ ಅರದಿಂದ ಕೊರೆದ ಎರಡು ಗೆರೆಗಳಿದ್ದವು. ಕೋವಿಯ ಯಜಮಾನರು ಎಪ್ಪತ್ತು ದಾಟಿದವರು. ಕೇಳಿದ್ದಕ್ಕೆ ನಕ್ಕರು. "ಗಜ ಒಳಗೆ ಬಿಟ್ಟಾಗ ಮೊದಲ ಗೆರೆ ನಳಿಗೆಯ ಬಾಯಿಗೆ ಬಂದರೆ ಕೋವಿ ಖಾಲಿ. ಎರಡನೇ ಗೆರೆ ಬಂದರೆ ಒಂದು ಈಡು ಇದೆ ಅಂತ. ಎರಡನೇ ಗೆರೆಯೂ ಮೇಲೆ ನಿಂತರೆ ಯಾರೋ ಹೆಚ್ಚು ತುಂಬಿದ್ದಾರೆ, ಮುಟ್ಟಬೇಡ." ಆಮೇಲೆ ಮನೆಮಾತಿಗೆ ಇಳಿದರು: "ತಮಾ, ಮದ್ದು ಹೆಚ್ಚು ಹಾಕಿರೆ ಶಬ್ದ ಹೆಚ್ಚಾಗ್ತು, ಗುರಿ ಹೆಚ್ಚಾಗ್ತಿಲ್ಲೆ."

ನಮ್ಮ ಸೀಮೆಯ ಕೋವಿಯ ಇತಿಹಾಸವನ್ನು ಈ ಮಾತಿನಿಂದಲೇ ಶುರು ಮಾಡಬಹುದು ಅನ್ನಿಸಿತು. ಕೋವಿ ಅಂದಕೂಡಲೇ ನಾವು ಬರೆಯುವುದು ಬೇಟೆ, ಕೊಲೆ, ಕಳ್ಳಸಾಗಣೆ. ಒಂದು ಈಡಿಗೆ ಎಷ್ಟು ಮದ್ದು ಸಾಕು ಎಂದು ತಲೆಮಾರುಗಳ ಕಾಲ ಯೋಚಿಸಿದವರ ಬಗ್ಗೆ ಬರೆದದ್ದು ಕಡಿಮೆ.

ಮೊದಲು ಕಾನೂನಿನ ಕಥೆ. 1857ರ ದಂಗೆಯ ವರ್ಷವೇ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದರು. ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಹತಾರ ಕೊಡುವುದಿಲ್ಲ ಎಂದು ತಿರುಗಿಬಿದ್ದದ್ದು ಆಗಲೇ. ಆ ಲಾವಣಿ ಇಂದಿಗೂ ಉತ್ತರ ಕರ್ನಾಟಕದ ಬಾಯಲ್ಲಿದೆ. ಅತ್ತ ಕೊಡಗಿನವರಿಗೆ ಮಾತ್ರ ವಿನಾಯಿತಿ ಸಿಕ್ಕಿತು, ಅದು ಇವತ್ತಿಗೂ ಮುಂದುವರಿದಿದೆ. ನಮ್ಮ ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು. 1878ರ ಶಸ್ತ್ರ ಕಾಯ್ದೆ ಬಂದಮೇಲೆ ಇಲ್ಲಿನ ರೈತ ಕೋವಿ ಇಡಬೇಕಾದರೆ ಪರವಾನಗಿ ಬೇಕಾಯಿತು. ಯುರೋಪಿಯನ್ನರಿಗೆ ಬೇಕಾಗಿರಲಿಲ್ಲ.

ಸ್ವಾತಂತ್ರ್ಯ ಬಂದಮೇಲೆ 1959ರ ಶಸ್ತ್ರ ಕಾಯ್ದೆ ಆಯಿತು, 1962ರಲ್ಲಿ ಜಾರಿಗೆ ಬಂತು. ಅದರ 13ನೇ ಕಲಮಿನಲ್ಲಿ ನಮ್ಮವರ ಬದುಕಿಗೆ ಸಂಬಂಧಪಟ್ಟ ಒಂದು ಮಾತಿದೆ. ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆ ಬೇಕಾದರೆ, ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಬೇಕು ಎಂಬ ಮಾತು. ಅಂದರೆ ಕೇಪಿನ ಕೋವಿಯನ್ನು ಕಾನೂನೇ ಕತ್ತಿ, ಗುದ್ದಲಿಯ ಪಕ್ಕ ಇಟ್ಟಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಬಳಿಕ ಚಿತ್ರ ಪೂರ್ತಿ ಬದಲಾಯಿತು. ಕೋವಿ ಇಟ್ಟುಕೊಳ್ಳಬಹುದು, ಆದರೆ ಅದರಿಂದ ಪ್ರಾಣಿ ಕೊಲ್ಲುವಂತಿಲ್ಲ. ಉಳಿದದ್ದು ಹೆದರಿಸುವ ಕೆಲಸ ಮಾತ್ರ.

ಹೆದರಿಸುವುದಕ್ಕೆ ಎಷ್ಟು ಮದ್ದು? ನಮ್ಮ ಅಜ್ಜನ ಬಳಿ ಅದಕ್ಕೆ ಬಿದಿರಿನ ಒಂದು ಸಣ್ಣ ಅಳತೆ ಇತ್ತು. ಮಂಗಕ್ಕೆ ಅದರ ತುಂಬಕ್ಕಿಂತ ಕಡಿಮೆ ಮದ್ದು, ಮೇಲೆ ತೆಂಗಿನ ನಾರಿನ ಬಿರಡೆ, ಗುಂಡು ಇಲ್ಲ, ಚರೆ ಇಲ್ಲ. ಇನ್ನೊಬ್ಬರು ಬಂದು "ಅದೆಂತ ಪಟಾಕಿ ಹೊಡೆಯುದು, ಗಟ್ಟಿ ಹೊಡೆಯೋ" ಅಂದರೂ ಅಜ್ಜ ಅಳತೆ ಮೀರುತ್ತಿರಲಿಲ್ಲ. 1972ಕ್ಕೆ ಮೊದಲಿನ ಮಾತು ಬಂದರೆ, ಕುಮಟೆಯಿಂದ ತಂದ ಬಲೆಯ ಸೀಸದ ಮಣಿಗಳನ್ನು ಕಬ್ಬಿಣದ ಸೌಟಿನಲ್ಲಿ ಕರಗಿಸಿ ಗುಂಡು ಎರಕ ಹೊಯ್ಯುತ್ತಿದ್ದದ್ದನ್ನು ಹೇಳುತ್ತಿದ್ದರು. ಆಗಲೂ ಒಂದೇ ಪಾಠ. ಸೀಸ ಮೆತ್ತನೆಯದು, ಅದನ್ನು ಅಬ್ಬರದಿಂದ ದೂಡಿದರೆ ಕೆಡುತ್ತದೆ.

ಅಜ್ಜ ಹೇಳಿದ್ದನ್ನು ಲೋಹಶಾಸ್ತ್ರ ಒಪ್ಪುತ್ತದೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಉಗುರಿನಿಂದ ಗೀರಿದರೂ ಗೆರೆ ಬೀಳುತ್ತದೆ. ಒಳಗೆ ತಿರುಪು ಗೀರುಗಳಿರುವ ನಳಿಗೆಯಲ್ಲಿ ಎರಕದ ಸೀಸದ ಗುಂಡನ್ನು ಅತಿವೇಗದಲ್ಲಿ ದೂಡಿದರೆ, ಬಿಸಿ ಅನಿಲ ಅದರ ಅಂಚನ್ನು ತಿನ್ನುತ್ತದೆ, ಸೀಸ ಗೀರುಗಳಿಗೆ ಮೆತ್ತಿಕೊಳ್ಳುತ್ತದೆ. ಹತ್ತಿಪ್ಪತ್ತು ಈಡಾಗುವಷ್ಟರಲ್ಲಿ ಗುರಿ ಚದುರುತ್ತದೆ. ಹಾಗಾಗಿಯೇ ಗುರಿ ಅಭ್ಯಾಸದ ರಿವಾಲ್ವರಿಗೆ ಜಗತ್ತಿನಾದ್ಯಂತ ಹಗುರ ಈಡನ್ನೇ ಆರಿಸುತ್ತಾರೆ. 1898ರ ಸುಮಾರಿಗೆ ಅಮೆರಿಕದಲ್ಲಿ ಹುಟ್ಟಿದ .38 ಸ್ಪೆಷಲ್ ತೋಟಾಕ್ಕೆ ಗುರಿ ಸ್ಪರ್ಧೆಯಲ್ಲಿ ಬಳಸುವುದು 148 ಗ್ರೇನ್, ಅಂದರೆ ಸುಮಾರು 9.6 ಗ್ರಾಂ ತೂಕದ ಚಪ್ಪಟೆ ಮೂತಿಯ ಸೀಸದ ಗುಂಡು. ಅದರ ವೇಗ ಸೆಕೆಂಡಿಗೆ 220 ಮೀಟರಿನ ಆಸುಪಾಸು, ಶಬ್ದದ ವೇಗಕ್ಕಿಂತ ಎಷ್ಟೋ ಕಡಿಮೆ. ಕಾಗದದ ಗುರಿಯಲ್ಲಿ ಪಂಚಿಂಗ್ ಯಂತ್ರ ಒತ್ತಿದ ಹಾಗೆ ದುಂಡನೆ ತೂತು ಬೀಳುತ್ತದೆ, ಅಂಕ ಎಣಿಸಲು ತಕರಾರಿಲ್ಲ.

ಸೈನ್ಯಗಳೂ ಈ ಪಾಠ ಕಲಿತಿವೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಕೈಯಲ್ಲಿದ್ದ .455 ವೆಬ್ಲಿ ರಿವಾಲ್ವರಿನ ಗುಂಡು 265 ಗ್ರೇನ್ ತೂಗುತ್ತಿತ್ತು. ಅದರ ಒದೆತಕ್ಕೆ ಹೊಸಬರ ಕೈ ಪಳಗಿಸುವುದೇ ಕಷ್ಟವಾಯಿತು. ಯುದ್ಧದ ನಂತರ ಅವರು ಸಣ್ಣದಾದ .38 ಎನ್‌ಫೀಲ್ಡ್ ರಿವಾಲ್ವರಿಗೆ, 200 ಗ್ರೇನಿನ ನಿಧಾನದ ಸೀಸದ ಗುಂಡಿಗೆ ಬಂದರು. ಆಮೇಲೆ ಇನ್ನೊಂದು ತೊಡಕು. ದೇಹದೊಳಗೆ ಅರಳುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು 1899ರಲ್ಲೇ ಹೇಗ್‌ನಲ್ಲಿ ಘೋಷಣೆ ಆಗಿತ್ತು. ಆ ಗಲಾಟೆಗೆ ಕಾರಣವಾದದ್ದು ಕೋಲ್ಕತ್ತದ ಪಕ್ಕದ ಡಮ್‌ಡಮ್‌ನಲ್ಲಿ ತಯಾರಾದ ಗುಂಡು. ಬರಿಯ ಸೀಸದ ಗುಂಡಿಗೂ ಅದೇ ಆಕ್ಷೇಪ ಬರಬಹುದೆಂದು ಮೇಲೆ ಲೋಹದ ಕವಚವಿರುವ 178 ಗ್ರೇನಿನ ಗುಂಡಿಗೆ ಬದಲಾಯಿಸಿದರು. ಮೆತ್ತನೆಯ ಸೀಸ ಹೀಗೆ ಯುದ್ಧದಿಂದ ಹೊರಬಿದ್ದು, ಗುರಿಮೈದಾನದಲ್ಲಿ ಉಳಿಯಿತು.

ನಮ್ಮ ದೇಶದ ಹೆಸರೂ ಆ ಮೈದಾನದಲ್ಲಿದೆ. 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಒಟ್ಟು 60 ಈಡು: 30 ನಿಧಾನದ್ದು, 30 ಚುರುಕಿನದ್ದು. ಅಲ್ಲಿ ಮ್ಯಾಗ್ನಮ್‌ನಂಥ ಭಾರಿ ಈಡಿಗೆ ಜಾಗವಿಲ್ಲ, ಹೆಚ್ಚಿನವರ ಆಯ್ಕೆ .32ರ ಹಗುರ ಸೀಸದ ಗುಂಡು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಜಸ್ಪಾಲ್ ರಾಣಾ 600ಕ್ಕೆ 590 ಅಂಕ ಪಡೆದು ವಿಶ್ವದಾಖಲೆ ಸರಿಗಟ್ಟಿ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ.

ಆದರೆ ಹಗುರ ಅಂದರೆ ಎಷ್ಟು ಕಡಿಮೆಯಾದರೂ ಆದೀತು ಎಂದಲ್ಲ. ತೀರಾ ಕಡಿಮೆ ಮದ್ದಿಗೆ ಗುಂಡು ನಳಿಗೆಯ ನಡುವೆಯೇ ನಿಲ್ಲುತ್ತದೆ. ಗೊತ್ತಾಗದೆ ಹಿಂದಿನಿಂದ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಇನ್ನೊಂದು ಅಪಾಯ ಅದಕ್ಕೆ ವಿರುದ್ಧದ್ದು. .38 ಸ್ಪೆಷಲ್‌ನ ಚಿಪ್ಪಿನ ಅಳತೆ ಕರಿಮದ್ದಿನ ಕಾಲದ್ದು, ಒಳಗೆ ಜಾಗ ಬಹಳ. ಹೊಗೆಯಿಲ್ಲದ ಮದ್ದಿನ ಹಗುರ ಈಡು ತಳದಲ್ಲಿ ಚೂರು ಕಾಣುತ್ತದೆ ಅಷ್ಟೇ. ಮರೆತು ಎರಡು ಸಲ ಸುರಿದರೂ ಚಿಪ್ಪು ತುಂಬುವುದಿಲ್ಲ, ಕಣ್ಣಿಗೆ ಸುಳಿವೇ ಸಿಗುವುದಿಲ್ಲ. ಹಗುರ ಈಡು ಆರಿಸಿದವನು ಸೋಮಾರಿಯಾದರೆ ಅದೇ ಎಲ್ಲಕ್ಕಿಂತ ಭಾರಿ ಈಡಾಗುತ್ತದೆ.

ಬಾಯಿಂದ ತುಂಬುವ ಕೋವಿಯಲ್ಲೂ ಇದೇ ಮರೆವು. 1863ರ ಗೆಟಿಸ್‌ಬರ್ಗ್ ಕಾಳಗದ ಬಳಿಕ ರಣರಂಗದಲ್ಲಿ ಆಯ್ದ ಸಾವಿರಾರು ಕೋವಿಗಳಲ್ಲಿ ಒಂದರ ಮೇಲೊಂದು ಈಡು ತುಂಬಿತ್ತು. ಗದ್ದಲದಲ್ಲಿ ಹೊಡೆದೆನೋ ಇಲ್ಲವೋ ಎಂಬುದೇ ಸೈನಿಕರಿಗೆ ತಿಳಿದಿರಲಿಲ್ಲ. ಅಲ್ಲಿ ಸೈನಿಕರು ತಪ್ಪಿದ ಲೆಕ್ಕವನ್ನು ಇಲ್ಲಿ ಒಬ್ಬ ತೋಟಿಗ ಗಜದ ಮೇಲಿನ ಎರಡು ಗೆರೆಯಿಂದ ಹಿಡಿದಿಟ್ಟಿದ್ದ.

ಈಗಿನ ಆತಂಕ ಇರುವುದು ಇಲ್ಲೇ. ಪರವಾನಗಿ ಮಗನ ಹೆಸರಿಗೆ ಆಗುತ್ತದೆ, ಕೋವಿ ಮಗನ ಕೈಗೆ ಬರುತ್ತದೆ. ಬಿದಿರಿನ ಅಳತೆ ಮಾತ್ರ ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತದೆ. ಮಗ ಬೆಂಗಳೂರಿನಲ್ಲಿದ್ದು ರಜೆಗೆ ಬಂದವನು, ಹಂದಿ ಬಂತೆಂಬ ಸಿಟ್ಟಿನಲ್ಲಿ ಕೈಗೆ ಬಂದಷ್ಟು ಸುರಿಯುತ್ತಾನೆ. ಕರಿಮದ್ದಿಗೆಂದು ಮಾಡಿದ ನಳಿಗೆಗೆ ತೋಟಾ ಒಡೆದು ತೆಗೆದ ಹೊಗೆಯಿಲ್ಲದ ಮದ್ದು ಹಾಕಿದರಂತೂ ಕೋವಿ ಅಲ್ಲೇ ಸಿಡಿಯಬಹುದು. ಸಿಡಿದರೆ ಮೊದಲು ಹೋಗುವುದು ಹಿಡಿದವನ ಬೆರಳು ಮತ್ತು ಕಣ್ಣು. ಕತ್ತಲಲ್ಲಿ ಸದ್ದು ಬಂದತ್ತ ಹೊಡೆದ ಭಾರಿ ಈಡು ತೋಟದಾಚೆಯ ದಾರಿಯವರೆಗೂ ಹೋಗುತ್ತದೆ. ಆ ದಾರಿಯಲ್ಲಿ ನಡೆಯುವವರು ನಾವೇ.

ಪರವಾನಗಿ ಕೊಡುವಾಗ ಪಹಣಿ, ಗುರುತಿನ ಚೀಟಿ, ಠಾಣೆಯ ವರದಿ ಎಲ್ಲ ಕೇಳುತ್ತಾರೆ. ಮದ್ದಿನ ಅಳತೆ ಗೊತ್ತೇ, ಖಾಲಿ ಕೋವಿ ಯಾವುದೆಂದು ಹೇಗೆ ತಿಳಿಯುತ್ತೀ ಎಂದು ಕೇಳಿದ್ದನ್ನು ಆ ಸಾಲಿನಲ್ಲಿ ನಿಂತ ಯಾರೂ ನಮಗೆ ಹೇಳಲಿಲ್ಲ. ಕಲಿಸಬಲ್ಲವರು ಅದೇ ಸಾಲಿನಲ್ಲಿ ನಿಂತಿದ್ದರು. ಚುನಾವಣೆಗೊಮ್ಮೆ ಹೇಗೂ ಎಲ್ಲ ಕೋವಿಗಳೂ ಒಂದೆಡೆ ಸೇರುತ್ತವೆ. ವಾಪಸು ಕೊಡುವ ದಿನ ಅರ್ಧ ಗಂಟೆ ಇಂಥ ಹಿರಿಯರೊಬ್ಬರನ್ನು ಕೂರಿಸಿ ಮಾತಾಡಿಸಿದರೆ ಯಾರಿಗೂ ಖರ್ಚಿಲ್ಲ.

ಜೂನ್‌ನಲ್ಲಿ ಅದೇ ಯಜಮಾನರು ಕೋವಿ ಬಿಡಿಸಿಕೊಳ್ಳಲು ಬಂದಾಗ ನಾವೂ ಅಲ್ಲಿದ್ದೆವು. ಸಹಿ ಹಾಕಿದರು, ಚೀಟಿ ಕಿತ್ತರು. ಮನೆಗೆ ಹೊರಡುವ ಮೊದಲು ಗಜವನ್ನು ನಳಿಗೆಯೊಳಗೆ ಬಿಟ್ಟು ನೋಡಿದರು. ಮೊದಲ ಗೆರೆ ಬಾಯಿಗೆ ಸರಿಯಾಗಿ ನಿಂತಿತು. ಆಮೇಲೆಯೇ ಹೆಗಲಿಗೆ ಏರಿಸಿದರು.